ರೋಗನಿರೋಧಕ ಶಕ್ತಿ ಜಾಸ್ತಿಯಾದರೆ ಕಿಡ್ನಿ ಹಾಳಾಗುತ್ತದಾ?

ಓದುಗರ ಪ್ರಶ್ನೆ:

"ಡಾಕ್ಟರಿಗೆ ನಮಸ್ಕಾರ. ನಾವು ಕುಮಟಾ ಹತ್ತಿರದ ಹಳ್ಳಿಯವರು. ನಮ್ಮ ಯಜಮಾನರಿಗೆ 46 ವರ್ಷ, ಕಿರಾಣಿ ಅಂಗಡಿ ಇದೆ. ಶುಗರ್ ಇಲ್ಲ, ಬಿಪಿ ಇಲ್ಲ. ಚೌತಿ ಹಬ್ಬದ ಹೊತ್ತಿಗೆ ಕಾಲು ಊದಲು ಶುರುವಾಯಿತು. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ನೊರೆ. ಮಂಗಳೂರಿನಲ್ಲಿ ತೋರಿಸಿದೆವು. ಮೂತ್ರದಲ್ಲಿ ದಿನಕ್ಕೆ 6.2 ಗ್ರಾಂ ಪ್ರೋಟೀನ್ ಹೋಗುತ್ತಿದೆಯಂತೆ. ರಕ್ತದಲ್ಲಿ ಆಲ್ಬುಮಿನ್ 2.3, ಕ್ರಿಯಾಟಿನಿನ್ 0.9, ಕೊಲೆಸ್ಟ್ರಾಲ್ 340. ಪಿಎಲ್‌ಎ2ಆರ್ ಎಂಬ ರಕ್ತಪರೀಕ್ಷೆ 64, ಪಾಸಿಟಿವ್. 'ನಿಮ್ಮದೇ ರೋಗನಿರೋಧಕ ಶಕ್ತಿ ಕಿಡ್ನಿ ಮೇಲೆ ಬಿದ್ದಿದೆ, ಇದಕ್ಕೆ ಮೆಂಬ್ರೇನಸ್ ನೆಫ್ರೋಪತಿ ಅಂತಾರೆ' ಎಂದರು. ಮಾತ್ರೆ ಬರೆದುಕೊಟ್ಟು ಮೂರು ತಿಂಗಳು ಬಿಟ್ಟು ಬನ್ನಿ, ಆಮೇಲೆ ಬೇಕಾದರೆ ಇಂಜೆಕ್ಷನ್ ಕೊಡೋಣ ಅಂದಿದ್ದಾರೆ.

ಕೊರೊನಾ ಶುರುವಾದಾಗಿನಿಂದ ಇವರು ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದರು. ಅದರಿಂದ ಶಕ್ತಿ ಜಾಸ್ತಿಯಾಗಿ ಹೀಗಾಯಿತಾ? ಬಿಪಿ ಇಲ್ಲದವರಿಗೆ ಬಿಪಿ ಮಾತ್ರೆ ಯಾಕೆ ಕೊಟ್ಟಿದ್ದಾರೆ? ಮುಂದೆ ಬಯಾಪ್ಸಿ ಬೇಕಾಗಬಹುದು ಅಂದರು. ಸೂಜಿ ಹಾಕಿದರೆ ಕಿಡ್ನಿ ಕೆಡುತ್ತದೆ ಅಂತ ಅತ್ತೆ ಅಳುತ್ತಿದ್ದಾರೆ. ಶಿರಸಿಯಲ್ಲಿರುವ ಭಾವ ಯಾರದ್ದೋ ಹತ್ತಿರ ಪುಡಿ ತಂದುಕೊಟ್ಟಿದ್ದಾರೆ. ಮೀನು ಬಿಡಬೇಕಾ? ಡಯಾಲಿಸಿಸ್ ತಪ್ಪುವುದಿಲ್ಲವಾ? ಮೂರು ತಿಂಗಳು ಸುಮ್ನೆ ಕೂರಲು ಧೈರ್ಯ ಬರುತ್ತಿಲ್ಲ."

ಉತ್ತರ:

ಪ್ರಶ್ನೆಗಳು ಹಲವು, ಆದರೆ ಎಲ್ಲದರ ಅಡಿಯಲ್ಲಿ ಇರುವ ದಿಗಿಲು ಎರಡೇ. ನಾವೇ ಏನೋ ಮಾಡಿ ಇದನ್ನು ತಂದುಕೊಂಡೆವಾ? ಮೂರು ತಿಂಗಳು ಕಾದರೆ ಕಿಡ್ನಿ ಕೈತಪ್ಪಿ ಹೋಗುತ್ತದಾ? ಎರಡಕ್ಕೂ ನನ್ನ ಉತ್ತರ "ಇಲ್ಲ". ಕಿಡ್ನಿ ಡಾಕ್ಟರಾಗಿ ಈ ಕಾಯಿಲೆಯವರನ್ನು ವರ್ಷಗಳಿಂದ ನೋಡುತ್ತಿದ್ದೇನೆ. ಧೈರ್ಯ ತುಂಬುವುದಕ್ಕೆ ಅಂತ ಹೀಗೆ ಹೇಳುತ್ತಿಲ್ಲ, ನಿಮ್ಮ ರಿಪೋರ್ಟಿನ ಅಂಕಿಗಳೇ ಹಾಗೆ ಹೇಳುತ್ತಿವೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸಣ್ಣ ಸೋಸುಗಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶ ಸೋಸುತ್ತವೆ. ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ ಎಳೆದುಕೊಂಡು ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಬಿಡುತ್ತವೆ. ಈ ಸೋಸುಗ ಮೀನಿನ ಬಲೆ ಇದ್ದಂತೆ. ನೀರು, ಉಪ್ಪು, ಕಸ ಆಚೆ ಹೋಗುತ್ತವೆ, ದೊಡ್ಡದಾದ ಪ್ರೋಟೀನು ಒಳಗೇ ಉಳಿಯುತ್ತದೆ. ಬಲೆಯ ಕಣ್ಣು ಹರಿದು ಅಗಲವಾದರೆ ಪ್ರೋಟೀನು ಜಾರಿ ಮೂತ್ರಕ್ಕೆ ಸೇರುತ್ತದೆ. ನೊರೆ ಬರುವುದು ಅದಕ್ಕೇ. ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗಿ, ಮೈಯಲ್ಲಿ ಉಪ್ಪು–ನೀರು ನಿಂತು ಕಾಲು ಊದುತ್ತದೆ. ಆರೋಗ್ಯವಂತರಲ್ಲಿ ದಿನಕ್ಕೆ 150 ಮಿಲಿಗ್ರಾಂ ಒಳಗೆ ಹೋಗಬೇಕಾದ ಪ್ರೋಟೀನು ನಿಮ್ಮವರಿಗೆ 6 ಗ್ರಾಂ ದಾಟಿದೆ. ಸೋರಿಕೆ ದೊಡ್ಡದೇ. ಆದರೆ ಕ್ರಿಯಾಟಿನಿನ್ 0.9 ಇದೆ ಅಂದರೆ ಕಸ ಹೊರಹಾಕುವ ಕೆಲಸ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಕಿಡ್ನಿ ಸೋರುತ್ತಿದೆ, ಫೇಲ್ ಆಗಿಲ್ಲ. ಮನೆಯವರಿಗೆಲ್ಲ ಮೊದಲು ಇದನ್ನು ಹೇಳಿ.

ಈ ಕಣ್ಣು ಹರಿಯುವುದು ಹೇಗೆ ಅಂತ ಕಂಡುಹಿಡಿಯಲು ವಿಜ್ಞಾನಿಗಳಿಗೆ 50 ವರ್ಷ ಬೇಕಾಯಿತು. ಆ ಕಥೆ ಸ್ವಲ್ಪ ಹೇಳುತ್ತೇನೆ, ಯಾಕಂದರೆ ನಿಮ್ಮ ಕೈಯಲ್ಲಿರುವ ಆ "64" ಬಂದದ್ದೇ ಅಲ್ಲಿಂದ.

1959ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಾಲ್ಟರ್ ಹೇಮನ್ ಎಂಬ ಮಕ್ಕಳ ವೈದ್ಯರು ಇಲಿಗಳಿಗೆ ಕಿಡ್ನಿಯ ಸಾರವನ್ನೇ ಚುಚ್ಚಿ ನೋಡಿದರು. ಇಲಿಗಳ ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿತು, ಮೈ ಊದಿತು. ದೇಹ ತನ್ನದೇ ಕಿಡ್ನಿಯ ವಿರುದ್ಧ ಆಂಟಿಬಾಡಿ (ರೋಗಾಣುವಿಗೆ ಅಂಟಿಕೊಂಡು ಹೋರಾಡಬೇಕಾದ ಪ್ರೋಟೀನು) ಮಾಡಬಲ್ಲದು ಎಂಬ ಸುಳಿವು ಸಿಕ್ಕಿತು. 1980ರ ದಶಕದ ಹೊತ್ತಿಗೆ ಇಲಿಯಲ್ಲಿ ಆ ಆಂಟಿಬಾಡಿ ಯಾವ ಪ್ರೋಟೀನಿಗೆ ಅಂಟುತ್ತದೆ ಅಂತಲೂ ಗೊತ್ತಾಯಿತು. ಆದರೆ ಮನುಷ್ಯರ ಸೋಸುಗದಲ್ಲಿ ಆ ಪ್ರೋಟೀನೇ ಇಲ್ಲ! ಹುಡುಕಾಟ ಅಲ್ಲೇ ನಿಂತಿತು.

ದಾರಿ ತೋರಿಸಿದ್ದು ಪ್ಯಾರಿಸ್ಸಿನ ಒಂದು ಹಸುಗೂಸು. ಹುಟ್ಟುವಾಗಲೇ ಅದಕ್ಕೆ ಈ ಕಾಯಿಲೆ ಇತ್ತು. ಹ್ಯಾನಾ ಡೆಬಿಯೆಕ್ ಮತ್ತು ಪಿಯೆರ್ ರಾಂಕೋ ತಾಯಿಯ ರಕ್ತ ಪರೀಕ್ಷಿಸಿದರು. ಎಲ್ಲರ ಕಿಡ್ನಿಯಲ್ಲೂ ಇರುವ ಒಂದು ಪ್ರೋಟೀನು ಆ ತಾಯಿಯ ದೇಹದಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಮಗುವಿಗೆ ಅಪ್ಪನ ಕಡೆಯಿಂದ ಅದು ಬಂದಿತ್ತು. ತಾಯಿಯ ದೇಹಕ್ಕೆ ಅದು ಹೊರಗಿನ ವಸ್ತುವಾಗಿ ಕಂಡಿತು. ಅದರ ವಿರುದ್ಧ ಹುಟ್ಟಿದ ಆಂಟಿಬಾಡಿ ಗರ್ಭದಲ್ಲೇ ಮಗುವನ್ನು ಸೇರಿ ಅದರ ಸೋಸುಗದ ಮೇಲೆ ಕೂತಿತ್ತು. 2002ರಲ್ಲಿ ಅವರು ಇದನ್ನು ಪ್ರಕಟಿಸಿದರು. ಸೋಸುಗದ ಜೀವಕೋಶದ ಮೇಲೆ ಒಂದು ಆಂಟಿಬಾಡಿ ಕೂತರೆ ಮನುಷ್ಯರಲ್ಲೂ ಇದೇ ಕಾಯಿಲೆ ಬರುತ್ತದೆ ಎಂಬುದಕ್ಕೆ ಮೊದಲ ಗಟ್ಟಿ ಪುರಾವೆ ಅದು.

ದೊಡ್ಡವರಲ್ಲಿ ಗುರಿ ಯಾವುದು? ಬೋಸ್ಟನ್ನಿನ ಲಾರೆನ್ಸ್ ಬೆಕ್, ಡೇವಿಡ್ ಸಲಾಂಟ್ ಮತ್ತು ಜೊತೆಗಾರರು ಅದನ್ನು 2009ರಲ್ಲಿ ಹಿಡಿದರು. ಮನುಷ್ಯರ ಸೋಸುಗಗಳಿಂದ ಪ್ರೋಟೀನುಗಳನ್ನು ಬೇರ್ಪಡಿಸಿ, ರೋಗಿಗಳ ರಕ್ತದ ಸೀರಂ ಅದರ ಮೇಲೆ ಹಾಕಿ ಯಾವುದಕ್ಕೆ ಅಂಟುತ್ತದೆ ಅಂತ ನೋಡಿದರು. 37 ರೋಗಿಗಳಲ್ಲಿ 26 ಜನರ ಸೀರಂ ಒಂದೇ ಪ್ರೋಟೀನಿಗೆ ಅಂಟಿತು. ಅದೇ ಪಿಎಲ್‌ಎ2ಆರ್. ಇವತ್ತು ಲ್ಯಾಬಿನಲ್ಲಿ ಒಂದು ಟ್ಯೂಬ್ ರಕ್ತ ಕೊಟ್ಟರೆ ಆ ಆಂಟಿಬಾಡಿ ಎಷ್ಟಿದೆ ಅಂತ ಅಳೆದು ಕೊಡುತ್ತಾರೆ. ಸಾಮಾನ್ಯವಾಗಿ ಬಳಸುವ ಪರೀಕ್ಷೆಯಲ್ಲಿ 20 ದಾಟಿದರೆ ಪಾಸಿಟಿವ್.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ರೋಗನಿರೋಧಕ ಶಕ್ತಿ "ಜಾಸ್ತಿ" ಆಗಿ ಹೀಗಾದದ್ದಲ್ಲ, ಅದು ಗುರಿ ತಪ್ಪಿದೆ. ಸಾವಿರಾರು ಬಗೆಯ ಆಂಟಿಬಾಡಿಗಳಲ್ಲಿ ಒಂದೇ ಒಂದು ಬಗೆ ತಪ್ಪು ವಿಳಾಸಕ್ಕೆ ಹೋಗುತ್ತಿದೆ, ಉಳಿದವು ತಮ್ಮ ಕೆಲಸ ಮಾಡಿಕೊಂಡಿವೆ. ಹುಟ್ಟಿನಿಂದ ಬಂದ ಕೆಲವು ಜೀನುಗಳಿಂದ ಇದರ ಸಾಧ್ಯತೆ ಜಾಸ್ತಿಯಾಗುತ್ತದೆ. ಹಾಗಂತ ಇದು ಮಕ್ಕಳಿಗೆ ಬಂದೇ ಬರುವ ಕಾಯಿಲೆ ಅಲ್ಲ. ಕಷಾಯದಿಂದ ಈ ಆಂಟಿಬಾಡಿ ಹುಟ್ಟುತ್ತದೆ ಅನ್ನಲು ಆಧಾರ ಇಲ್ಲ. ಆದ್ದರಿಂದ ಕಷಾಯ ಮಾಡಿಕೊಟ್ಟವರು ಕೊರಗಬೇಡಿ. ಆದರೆ ಇನ್ನು ಮುಂದೆ ಅಮೃತಬಳ್ಳಿ ನಿಲ್ಲಿಸಿ. ಅದನ್ನು ಕುಡಿದ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. "ಇಮ್ಯುನಿಟಿ ಬೂಸ್ಟರ್" ಅಂತ ಚೀಟಿ ಇರುವ ಯಾವುದೂ ಈಗ ಬೇಡ.

ಭಾವ ತಂದ ಪುಡಿ ಬಗ್ಗೆ ನನಗೆ ನಿಜವಾಗಿ ಚಿಂತೆ ಇದೆ. ನಮ್ಮ ಜಿಲ್ಲೆಯಲ್ಲಿ ಸೊಪ್ಪು, ಬೇರು, ತೊಗಟೆ ಬಲ್ಲವರು ಬಹಳ ಇದ್ದಾರೆ. ಅವರ ತಿಳಿವಳಿಕೆಯನ್ನು ನಾನು ಹಗುರಾಗಿ ನೋಡುವವನಲ್ಲ. ನನ್ನ ಭಯ ಪೊಟ್ಟಣದಲ್ಲಿ ಕಟ್ಟಿಕೊಡುವ, ಹೆಸರಿಲ್ಲದ ಭಸ್ಮ–ಪುಡಿಗಳದ್ದು. ರೋಗಿಗಳು ತಂದು ತೋರಿಸುವ ಪೊಟ್ಟಣಗಳನ್ನು ನೋಡುತ್ತಿರುತ್ತೇನೆ. ಹಳೇ ಪೇಪರಿನ ಮಡಿಕೆಯೊಳಗೆ ಇಟ್ಟಿಗೆ ಬಣ್ಣದ ನುಣ್ಣನೆ ಪುಡಿ, ಬೆರಳಿಗೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ, ಗಾತ್ರಕ್ಕೆ ಮೀರಿದ ಭಾರ. ಅಂಥದ್ದರಲ್ಲಿ ಪಾದರಸ, ಸೀಸ ಇರಬಹುದು. ಪಾದರಸ ಇದೇ ಮೆಂಬ್ರೇನಸ್ ಕಾಯಿಲೆಯ ಇನ್ನೊಂದು ಬಗೆಯನ್ನು ತರುತ್ತದೆ. ಅದರಲ್ಲಿ ಆಂಟಿಬಾಡಿಯ ಗುರಿ ನೆಲ್-1 ಎಂಬ ಬೇರೆ ಪ್ರೋಟೀನು. ನಾಟಿ ಔಷಧಿ ತೆಗೆದುಕೊಂಡವರಲ್ಲಿ ಇದು ಕಾಣಿಸಿದ್ದನ್ನು ದಕ್ಷಿಣ ಭಾರತದ ತಜ್ಞರು 2022ರಲ್ಲಿ ಬರೆದರು. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ನೋಡಿದ 22 ಮೆಂಬ್ರೇನಸ್ ರೋಗಿಗಳಲ್ಲಿ 15 ಜನರದ್ದು ನೆಲ್-1 ಬಗೆ. ಅವರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಚರ್ಮದಿಂದ ಒಳಹೋದ ಪಾದರಸದ ಕೆಲಸ ಅದು. ಇಂಥವರಲ್ಲಿ ಹೆಚ್ಚಿನವರಿಗೆ ಕ್ರೀಮ್ ಅಥವಾ ಪುಡಿ ನಿಲ್ಲಿಸಿದರೆ ಸೋರಿಕೆ ತಾನಾಗಿ ಇಳಿಯುತ್ತದೆ.

ನಿಮ್ಮವರದ್ದು ಪಿಎಲ್‌ಎ2ಆರ್ ಬಗೆ, ಹಾಗಾಗಿ ಪಾದರಸ ಮೂಲ ಅನ್ನಿಸುವುದಿಲ್ಲ. ಆದರೂ ಈಗಾಗಲೇ ಪೆಟ್ಟು ತಿಂದ ಕಿಡ್ನಿಗೆ ಅದನ್ನು ಯಾಕೆ ಕೊಡಬೇಕು, ಅಲ್ವಾ? ಭಾವನಿಗೆ ಬೇಜಾರಾಗದಂತೆ ಹೇಳಿ, ಪುಡಿಯನ್ನು ಎಸೆಯದೆ ಮುಂದಿನ ಸಲ ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಯಾರಾದರೂ ಹೆಸರಿಲ್ಲದ ಕ್ರೀಮ್ ಹಚ್ಚುತ್ತಿದ್ದರೆ ಅದನ್ನೂ ಬಿಡಿಸಿ. ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೂ ಬೇಡ.

ಕೊಲೆಸ್ಟ್ರಾಲ್ 340 ಅಂತ ಕೇಳಿದವರು ಯಾರಾದರೂ ಬಿಂಬಳಕಾಯಿ ರಸ ಕುಡಿಯಿರಿ ಅಂದೇ ಅನ್ನುತ್ತಾರೆ. ಖಂಡಿತ ಬೇಡ. ಸಾರಿಗೆ ಹುಳಿ ಅಂತ ಒಂದೆರಡು ಹಾಕಿದರೆ ತೊಂದರೆ ಇಲ್ಲ. ರಸ ಹಿಂಡಿ ಲೋಟಗಟ್ಟಲೆ ಕುಡಿದರೆ ಅದರ ಆಕ್ಸಲೇಟ್ ಕಿಡ್ನಿಯೊಳಗೆ ಹರಳುಗಟ್ಟುತ್ತದೆ. ಹಾಗೆ ಕುಡಿದು ದಿಢೀರ್ ಕಿಡ್ನಿ ಕೆಟ್ಟವರನ್ನು ಕೇರಳದಲ್ಲಿ ವರದಿ ಮಾಡಿದ್ದಾರೆ. ನಿಮ್ಮವರ ಕೊಲೆಸ್ಟ್ರಾಲ್ ಏರಿದ್ದು ಎಣ್ಣೆ ತಿಂದು ಅಲ್ಲ. ಕಳೆದುಹೋದ ಆಲ್ಬುಮಿನ್ ತುಂಬಿಸಲು ಲಿವರ್ ಜೋರಾಗಿ ಕೆಲಸ ಮಾಡುವಾಗ ಕೊಬ್ಬಿನಂಶವೂ ಜಾಸ್ತಿ ಹೊರಬರುತ್ತದೆ. ಸೋರಿಕೆ ನಿಂತರೆ ಅದೂ ಇಳಿಯುತ್ತದೆ.

ಬಿಪಿ ಮಾತ್ರೆಯ ಗೊಂದಲ ಬಹಳ ಮನೆಗಳಲ್ಲಿ ಆಗುತ್ತದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರದ ಮಾತ್ರೆಗಳು ಸೋಸುಗದ ಒಳಗಿನ ಒತ್ತಡ ಇಳಿಸುತ್ತವೆ. ಒತ್ತಡ ಇಳಿದರೆ ಸೋರಿಕೆ ಕಡಿಮೆ. ತೋಳಿನ ಬಿಪಿ ಸರಿ ಇದ್ದವರಿಗೂ ಅದಕ್ಕೇ ಕೊಡುವುದು. "ಬಿಪಿ ನಾರ್ಮಲ್ ಇದೆ" ಅಂತ ನೀವಾಗಿ ನಿಲ್ಲಿಸಬೇಡಿ. ವಾಂತಿ–ಭೇದಿ ಜೋರಾದ ದಿನ ಮಾತ್ರ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಆಗ ಅದನ್ನು ತಾತ್ಕಾಲಿಕವಾಗಿ ಬಿಡಬೇಕಾಗುತ್ತದೆ.

ಮಾತ್ರೆಯಷ್ಟೇ ಕೆಲಸ ಮಾಡುವುದು ಉಪ್ಪಿನ ಹಿಡಿತ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಎಲ್ಲ ಅಡಿಗೆ ಸೇರಿ ಒಂದು ಟೀ ಚಮಚ. ನಮ್ಮ ಕಡೆ ಇದು ಕಷ್ಟ, ನನಗೆ ಗೊತ್ತು. ಗಂಜಿಯ ಜೊತೆ ಉಪ್ಪಿನಕಾಯಿ ಇಲ್ಲದೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಅಪ್ಪೆಮಿಡಿ, ಹಪ್ಪಳ, ಸಂಡಿಗೆ, ಒಣ ಮೀನು ಇವು ನಾಲ್ಕನ್ನು ಬಿಟ್ಟರೆ ಊತ ಎಷ್ಟು ಬೇಗ ಇಳಿಯುತ್ತದೆ ಅಂತ ಎರಡು ವಾರದಲ್ಲಿ ನೀವೇ ನೋಡುತ್ತೀರಿ. ಸಾಣಿಕಟ್ಟೆಯ ಉಪ್ಪು, ಕಲ್ಲುಪ್ಪು, ಸೈಂಧವ ಲವಣ ಯಾವುದಾದರೂ ಅದೇ ಸೋಡಿಯಂ. "ಊರ ಉಪ್ಪಾದರೆ ತೊಂದರೆ ಇಲ್ಲ" ಎಂಬುದು ಸರಿಯಲ್ಲ. ಪೇಟೆಯಲ್ಲಿ ಸಿಗುವ "ಲೋ ಸೋಡಿಯಂ" ಉಪ್ಪೂ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೇಲೆ ಹೇಳಿದ ಮಾತ್ರೆಯ ಜೊತೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ತೊಂದರೆ. ತಾಜಾ ಮೀನು ಬಿಡಬೇಕಿಲ್ಲ. ಬಂಗಡೆಯೋ ತಾರ್ಲೆಯೋ, ಉಪ್ಪು ಕಡಿಮೆ ಹಾಕಿ ಸಾರು ಮಾಡಿ. ಪ್ರೋಟೀನ್ ಹೋಗುತ್ತಿದೆ ಅಂತ ಡಬ್ಬಿಯ ಪ್ರೋಟೀನ್ ಪುಡಿ ಕೊಡಬೇಡಿ, ಜಾಸ್ತಿ ತಿಂದಷ್ಟೂ ಜಾಸ್ತಿ ಸೋರುತ್ತದೆ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು. ಬಾರ್ಲಿ ನೀರು ಕುಡಿಸಿ ಕಿಡ್ನಿ "ತೊಳೆಯಲು" ಆಗುವುದಿಲ್ಲ.

ಬಯಾಪ್ಸಿ ವಿಷಯದಲ್ಲಿ ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಸೂಜಿಯಿಂದ ಕಾಯಿಲೆ ಹರಡುವುದಿಲ್ಲ, ಕಿಡ್ನಿ ಕೆಡುವುದಿಲ್ಲ. ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್‌ನಲ್ಲಿ ನೋಡಿಕೊಂಡೇ ಒಂದೂವರೆ–ಎರಡು ಸೆಂಟಿಮೀಟರ್ ಉದ್ದದ ತೆಳ್ಳನೆ ಎಳೆ ತೆಗೆಯುತ್ತಾರೆ. ಆ ದಿನವೆಲ್ಲ ಮಲಗಿರಬೇಕು. ಅಪಾಯ ಇರುವುದು ರಕ್ತ ಸೋರುವುದರಲ್ಲಿ. ನೂರರಲ್ಲಿ ಮೂರ್ನಾಲ್ಕು ಜನರಿಗೆ ಮೂತ್ರದಲ್ಲಿ ರಕ್ತ ಕಾಣಿಸಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ರಕ್ತ ಕೊಡಬೇಕಾಗಿ ಬರುವುದು ನೂರರಲ್ಲಿ ಒಬ್ಬಿಬ್ಬರಿಗೆ. ಸಮಾಧಾನದ ಮಾತು ಇನ್ನೊಂದಿದೆ. ಪಿಎಲ್‌ಎ2ಆರ್ ಪಾಸಿಟಿವ್ ಇದ್ದು, ಕ್ರಿಯಾಟಿನಿನ್ ಸರಿ ಇದ್ದು, ಬೇರೆ ಕಾರಣ ಕಾಣದಿದ್ದರೆ ಬಯಾಪ್ಸಿ ಇಲ್ಲದೆಯೇ ಕಾಯಿಲೆ ಇದೇ ಅಂತ ಹೇಳಬಹುದು ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಹೆಪಟೈಟಿಸ್ ಬಿ, ಲೂಪಸ್ (ರೋಗನಿರೋಧಕ ಶಕ್ತಿ ಮೈಯ ಹಲವು ಅಂಗಗಳ ಮೇಲೆ ಬೀಳುವ ಕಾಯಿಲೆ), ವಯಸ್ಸಿಗೆ ತಕ್ಕಂತೆ ಕ್ಯಾನ್ಸರ್ ತಪಾಸಣೆ ಆಗಿದೆಯಾ ಅಂತ ಕೇಳಿಕೊಳ್ಳಿ. ಕ್ರಿಯಾಟಿನಿನ್ ದಿಢೀರ್ ಏರಿದರೆ ಅಥವಾ ಮಾತ್ರೆಗೆ ಜಗ್ಗದಿದ್ದರೆ ಆಗ ಬಯಾಪ್ಸಿ ಬೇಕು, ಮುಂದೂಡಬೇಡಿ.

ಇನ್ನು ಆ ಮೂರು ತಿಂಗಳು. ಈ ಕಾಯಿಲೆಯ ವಿಶೇಷ ಏನೆಂದರೆ, ಸುಮಾರು ಮೂರರಲ್ಲಿ ಒಬ್ಬರಿಗೆ ಬಲವಾದ ಔಷಧಿ ಇಲ್ಲದೆ ತಾನಾಗಿಯೇ ಕಡಿಮೆಯಾಗುತ್ತದೆ. ಇನ್ನೊಂದು ಪಾಲು ಜನರಲ್ಲಿ ಪ್ರೋಟೀನ್ ಹೋಗುತ್ತಲೇ ಇರುತ್ತದೆ, ಕಿಡ್ನಿ ನಡೆಯುತ್ತಿರುತ್ತದೆ. ಉಳಿದ ಪಾಲಿಗೆ ವರ್ಷಗಳು ಕಳೆದಂತೆ ಕಿಡ್ನಿ ಸೋಲುತ್ತದೆ. ಡಯಾಲಿಸಿಸ್ ತಪ್ಪುವುದಿಲ್ಲ ಎಂದವರು ಈ ಮೂರನೇ ಪಾಲನ್ನಷ್ಟೇ ನೋಡಿದ್ದಾರೆ, ಅದೂ ಚಿಕಿತ್ಸೆ ಆಗದವರನ್ನು. ತಾನಾಗಿ ವಾಸಿಯಾಗುವವರಿಗೆ ಸುಮ್ಮನೆ ಬಲವಾದ ಔಷಧಿ ಕೊಡುವುದು ಅನ್ಯಾಯ. ಯಾರು ಯಾವ ಪಾಲು ಅಂತ ಮೊದಲು ಹೇಳಲು ಆಗುತ್ತಿರಲಿಲ್ಲ. ಈಗ ಆಂಟಿಬಾಡಿಯ ಅಂಕಿ ಸುಳಿವು ಕೊಡುತ್ತದೆ. ಅದು ಇಳಿದ ಎಷ್ಟೋ ತಿಂಗಳ ಮೇಲೆ ಮೂತ್ರದ ಪ್ರೋಟೀನ್ ಇಳಿಯುತ್ತದೆ, ಯಾಕಂದರೆ ಹರಿದ ಕಣ್ಣು ಕೂಡಿಕೊಳ್ಳಲು ಸಮಯ ಬೇಕು. ಹಾಗಾಗಿ ಮೂರು ತಿಂಗಳಿಗೆ ಪ್ರೋಟೀನ್ ಇನ್ನೂ 5 ಗ್ರಾಂ ಇದ್ದರೂ 64 ಹೋಗಿ 30 ಆಗಿದ್ದರೆ ನಾನು ಖುಷಿಪಡುತ್ತೇನೆ, ಆರು ತಿಂಗಳವರೆಗೆ ಕಾಯಲು ಹೇಳುತ್ತೇನೆ. 64 ಏರಿ 150 ಆದರೆ, ಕಾಲಿನ ಊತ ಕಡಿಮೆ ಕಂಡರೂ, ಇಂಜೆಕ್ಷನ್ ಮಾತು ಶುರುಮಾಡುತ್ತೇನೆ. ಪರೀಕ್ಷೆ ದುಬಾರಿ, ನಿಜ. ಆದರೂ ಅದನ್ನು ತಪ್ಪಿಸಬೇಡಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲೇ ಮಾಡಿಸಿ.

ಇಂಜೆಕ್ಷನ್ ಅಂದರೆ ರಿಟುಕ್ಸಿಮ್ಯಾಬ್. ಆಂಟಿಬಾಡಿ ತಯಾರಿಸುವ ಬಿ ಜೀವಕೋಶಗಳನ್ನು ಅದು ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಎರಡು ವಾರದ ಅಂತರದಲ್ಲಿ ಎರಡು ಸಲ ಡ್ರಿಪ್‌ನಲ್ಲಿ ಕೊಡುತ್ತಾರೆ. 2019ರಲ್ಲಿ ಪ್ರಕಟವಾದ 130 ರೋಗಿಗಳ ಅಧ್ಯಯನದಲ್ಲಿ, ಎರಡು ವರ್ಷದ ಕೊನೆಗೆ ಇದನ್ನು ಪಡೆದವರಲ್ಲಿ ಶೇ. 60 ಜನರ ಕಾಯಿಲೆ ಹತೋಟಿಯಲ್ಲಿತ್ತು. ರೋಗನಿರೋಧಕ ಶಕ್ತಿ ತಗ್ಗಿಸುವ ಸೈಕ್ಲೋಸ್ಪೋರಿನ್ ಮಾತ್ರೆ ಪಡೆದವರಲ್ಲಿ ಶೇ. 20 ಮಾತ್ರ, ಯಾಕಂದರೆ ಮಾತ್ರೆ ನಿಲ್ಲಿಸಿದ ಮೇಲೆ ಬಹಳ ಜನರಿಗೆ ಕಾಯಿಲೆ ಮರಳಿತು. ಹಳೆಯ ದಾರಿ ಎಂದರೆ ಸ್ಟೆರಾಯ್ಡ್ ಮತ್ತು ಸೈಕ್ಲೋಫಾಸ್ಫಮೈಡ್, ತಿಂಗಳು ಬಿಟ್ಟು ತಿಂಗಳು, ಒಟ್ಟು ಆರು ತಿಂಗಳು. ನಮ್ಮ ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 93 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ ಹತ್ತು ವರ್ಷಕ್ಕೂ ಮೇಲೆ ಗಮನಿಸಿದರು. 2007ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಹತ್ತು ವರ್ಷದ ಮೇಲೂ ಡಯಾಲಿಸಿಸ್ ಇಲ್ಲದೆ ಇದ್ದವರು ಚಿಕಿತ್ಸೆ ಪಡೆದವರಲ್ಲಿ ಶೇ. 89, ಪಡೆಯದವರಲ್ಲಿ ಶೇ. 65. ಖರ್ಚೂ ಕಡಿಮೆ. ಆದರೆ ಶುಗರ್ ಏರುವುದು, ಸೋಂಕು, ಮಕ್ಕಳಾಗುವ ಶಕ್ತಿ ಕುಂದುವುದು, ವರ್ಷಗಳ ಮೇಲೆ ಕ್ಯಾನ್ಸರ್ ಅಪಾಯ ಇವೆಲ್ಲ ಇರುವುದರಿಂದ ಕಾಯಿಲೆ ಜೋರಾಗಿದ್ದವರಿಗೆ ಅದನ್ನು ಇಟ್ಟುಕೊಳ್ಳುತ್ತೇವೆ. ನಿಮ್ಮವರಿಗೆ ಬೇಕಾದರೆ ರಿಟುಕ್ಸಿಮ್ಯಾಬ್ ಮೊದಲು ಎಂಬುದು ನನ್ನ ಅಭಿಪ್ರಾಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಏನೇನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಯಾವ ದಾರಿಯಾದರೂ ಅದಕ್ಕೆ ಮುಂಚೆ ಹೆಪಟೈಟಿಸ್ ಬಿ ಮತ್ತು ಟಿಬಿ ಪರೀಕ್ಷೆ ಆಗಲೇಬೇಕು. ಒಳಗೆ ಅಡಗಿರುವ ಹೆಪಟೈಟಿಸ್ ಬಿ ರಿಟುಕ್ಸಿಮ್ಯಾಬ್ ಕೊಟ್ಟಾಗ ಕೆರಳುತ್ತದೆ. ನ್ಯುಮೋನಿಯಾ, ಫ್ಲೂ ಲಸಿಕೆ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದು, ಆಮೇಲೆ ಅವು ಸರಿಯಾಗಿ ಹತ್ತುವುದಿಲ್ಲ. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರ ಹೊಟ್ಟೆಯಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳ ವರ್ಷಗಟ್ಟಲೆ ಸುಮ್ಮನಿರುತ್ತದೆ. ಸ್ಟೆರಾಯ್ಡ್ ಕೊಟ್ಟಾಗ ಅದು ಮೈತುಂಬ ಹರಡಬಹುದು. ಹಾಗಾಗಿ ಡಾಕ್ಟರನ್ನು ಕೇಳಿ ಹುಳದ ಮಾತ್ರೆ ಮೊದಲೇ ಮುಗಿಸಿಬಿಡಿ. ಚಿಕಿತ್ಸೆ ಶುರುವಾದ ಮೇಲೆ ಮಳೆಗಾಲದ ಗದ್ದೆ ನೀರಿಗೆ ಇಳಿಯುವುದು ಬೇಡ, ಇಲಿಜ್ವರದ ಭಯ. ಮಂಗನ ಕಾಯಿಲೆ ಇರುವ ಕಡೆ ಸೊಪ್ಪು–ದರಕಿಗೆ ಕಾಡಿಗೆ ಹೋಗುವುದೂ ಬೇಡ. ಜ್ವರ ಬಂದರೆ ಅದೇ ದಿನ ತೋರಿಸಿ.

ಇಷ್ಟೆಲ್ಲದರ ನಡುವೆ ಯಾರೂ ಹೇಳದೆ ಬಿಡುವ ಅಪಾಯ ಒಂದಿದೆ, ರಕ್ತ ಹೆಪ್ಪುಗಟ್ಟುವುದು. ಪ್ರೋಟೀನ್ ಸೋರುವ ಕಾಯಿಲೆಗಳಲ್ಲೆಲ್ಲ ಮೆಂಬ್ರೇನಸ್‌ನಲ್ಲೇ ಇದು ಜಾಸ್ತಿ. ರಕ್ತವನ್ನು ತೆಳುವಾಗಿಡುವ ಪ್ರೋಟೀನುಗಳೂ ಮೂತ್ರದಲ್ಲಿ ಹೋಗಿಬಿಡುತ್ತವೆ. ಆಲ್ಬುಮಿನ್ 2.3 ಇರುವಾಗ ರಕ್ತ ತೆಳುಮಾಡುವ ಔಷಧಿ ಬೇಕಾ ಅಂತ ನಿಮ್ಮ ಡಾಕ್ಟರನ್ನು ಈ ವಾರವೇ ಕೇಳಿ, ಮೂರು ತಿಂಗಳು ಕಾಯಬೇಡಿ. ಮಂಗಳೂರಿಗೆ ಹೋಗುವಾಗ ಬಸ್ಸಿನಲ್ಲಿ ನಾಲ್ಕೈದು ಗಂಟೆ ಕಾಲು ಇಳಿಬಿಟ್ಟು ಕೂರುವ ಬದಲು ರೈಲಿನಲ್ಲಿ ಹೋಗಿ, ಆಗಾಗ ಎದ್ದು ಓಡಾಡಲಿ. ಒಂದೇ ಕಾಲು ದಪ್ಪವಾಗಿ ನೋಯುವುದು, ದಿಢೀರ್ ಉಸಿರು ಕಟ್ಟುವುದು, ಎದೆ ನೋವು, ಪಕ್ಕೆ ನೋವಿನ ಜೊತೆ ಕೆಂಪು ಮೂತ್ರ ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆಂದು ನೋಡದೆ ಹತ್ತಿರದ ಆಸ್ಪತ್ರೆಗೆ ಹೋಗಿ, "ಮೆಂಬ್ರೇನಸ್ ಇದೆ, ಆಲ್ಬುಮಿನ್ ಕಡಿಮೆ" ಅಂತ ಮೊದಲ ಮಾತಿಗೇ ಹೇಳಿ.

ಅಲ್ಲಿಯವರೆಗೆ ಅಂಗಡಿಗೆ ಹೋಗಲಿ, ನಡೆಯಲಿ. ಮೂಟೆ ಎತ್ತುವುದನ್ನು ಊತ ಇಳಿಯುವವರೆಗೆ ಬೇರೆಯವರು ಮಾಡಲಿ. ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮುಂಚೆ, ಅದೇ ತೂಕದ ಯಂತ್ರದಲ್ಲಿ ನಿಂತು ತೂಕ ಬರೆದಿಡಿ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ಡಾಕ್ಟರಿಗೆ ತಿಳಿಸಿ. ಮೂರು ತಿಂಗಳ ರಿಪೋರ್ಟ್ ಬಂದ ಮೇಲೆ ಆಂಟಿಬಾಡಿ ಎಷ್ಟು, ಆಲ್ಬುಮಿನ್ ಎಷ್ಟು ಅಂತ ನನಗೂ ಬರೆಯಿರಿ.